ಅಡ್ಮಿಶನ್ ರಿಜಿಸ್ಟರಿನ ಎರಡು ಸಾಲುಗಳು

ಕಳೆದ ಬಿಸುವಿಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ನನ್ನ ಮಗಳು ಹಬ್ಬದ ಮರುದಿನವೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಳು. ನಡುನಡುವೆ ಒಂದು ನಿಟ್ಟುಸಿರು, ತನ್ನಷ್ಟಕ್ಕೇ ಏನೋ ಗೊಣಗಾಟ. ಅಡಿಕೆ ಸುಲಿಯುತ್ತಿದ್ದ ನಾನು, "ಎಂತ ಮಗಳೇ, ಹಬ್ಬದ ರಜೆಯಲ್ಲಿಯೂ ಕೆಲಸವೇ?" ಎಂದೆ.

"ಇದನ್ನು ಬರೆದದ್ದು ಯಾರು, ಬರೆದದ್ದು ಯಾವಾಗ, ಬರೆದದ್ದು ಈಗಲೂ ನಿಜವೋ ಅಲ್ಲವೋ, ಒಂದೂ ಗೊತ್ತಾಗುವುದಿಲ್ಲ ಅಪ್ಪಾ. ಇದನ್ನೆಲ್ಲ ನಾನೇ ಸರಿಮಾಡಬೇಕಂತೆ," ಎಂದಳು.

ಅವಳು ದುಡಿಯುವ ಸಾಫ್ಟ್‌ವೇರ್ ಕಂಪೆನಿಯಲ್ಲಿ ಎಲ್ಲರಿಗೂ ಸೇರಿದ ಒಂದು ಬರಹದ ಭಂಡಾರ ಉಂಟಂತೆ. ಅದಕ್ಕೆ ಅವರು ನಾಲೆಜ್ ಬೇಸ್ ಎನ್ನುತ್ತಾರೆ. ಗಿರಾಕಿಯಿಂದ ಇಂತಹ ದೂರು ಬಂದರೆ ಏನು ಮಾಡಬೇಕು, ಸರ್ವರ್ ನಿಂತುಹೋದರೆ ಮೊದಲು ಯಾವುದನ್ನು ನೋಡಬೇಕು, ಹೊಸಬರು ಸೇರಿದ ದಿನ ಯಾವ ಯಾವ ಅನುಮತಿ ಪಡೆಯಬೇಕು, ರಜೆಗೆ ಯಾರಿಗೆ ಬರೆಯಬೇಕು, ಹೀಗೆ ಸಂಸ್ಥೆಯ ನೆನಪೆಲ್ಲ ಅಲ್ಲಿ ಪುಟಪುಟವಾಗಿ ಇರುತ್ತದೆ. ಇರಬೇಕು ಎಂಬುದು ಉದ್ದೇಶ. ಆದರೆ ಹತ್ತು ಹನ್ನೆರಡು ವರ್ಷಗಳಿಂದ ಬಂದವರು ಬರೆದು ಹೋದರು; ಹೋದವರ ಪುಟಗಳನ್ನು ಉಳಿದವರು ಮುಟ್ಟಲಿಲ್ಲ. ಒಂದೇ ವಿಷಯಕ್ಕೆ ಮೂರು ಪುಟಗಳು. ಮೂರರಲ್ಲಿಯೂ ಅರ್ಧ ಸರಿ, ಅರ್ಧ ತಪ್ಪು. ಹುಡುಕಿದರೆ ಎಲ್ಲಕ್ಕಿಂತ ಹಳೆಯದೇ ಮೊದಲು ಬರುತ್ತದೆ. ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗದ ಹುಡುಗನೊಬ್ಬ ರಾತ್ರಿ ಪಾಳಿಯಲ್ಲಿ ಒಬ್ಬನೇ ಇದ್ದಾಗ ಅಂತಹ ಹಳೆಯ ಪುಟವನ್ನು ನಂಬಿ, ಅದರಲ್ಲಿದ್ದಂತೆ ಅಕ್ಷರಶಃ ನಡೆದು, ಬೆಳಗಾಗುವಾಗ ಎರಡು ದಿನಗಳ ಲೆಕ್ಕವೇ ಅಳಿಸಿಹೋಗಿತ್ತಂತೆ. ಬೈಗುಳ ತಿಂದವನು ಹುಡುಗ; ಪುಟ ಬರೆದಾತ ಎಂದೋ ಬೇರೆ ಕಂಪೆನಿ ಸೇರಿದ್ದ. ಅದರ ಬಳಿಕವೇ ಈ ಭಂಡಾರವನ್ನು ಶುದ್ಧಮಾಡುವ ಹೊರೆ ನನ್ನ ಮಗಳ ತಲೆಗೆ ಬಂದದ್ದು.

"ನಿಮ್ಮ ಶಾಲೆಯಲ್ಲಿ ಇಂತಹದ್ದು ಎಂತ ಇತ್ತು ಅಪ್ಪಾ?" ಎಂದು ಅವಳು ಕೇಳಿದಳು. ನಾನು ಅಡಿಕೆ ಬುಟ್ಟಿಯನ್ನು ಬದಿಗೆ ಸರಿಸಿದೆ. ಮೂವತ್ತೆರಡು ವರ್ಷ ಮಾಷ್ಟ್ರಾಗಿ, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯನಾಗಿ ನಾನು ಕಾಪಾಡಿದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ ಕಟ್ಟಡವಲ್ಲ, ಪ್ರಯೋಗಾಲಯವಲ್ಲ. ಉಕ್ಕಿನ ಕಪಾಟಿನ ಕೆಳಗಿನ ಅರೆಯಲ್ಲಿ ಕ್ಯಾಲಿಕೋ ಬಟ್ಟೆಯ ಹೊದಿಕೆ ಹಾಕಿಸಿಕೊಂಡು ಮಲಗಿದ್ದ ಅಡ್ಮಿಶನ್ ರಿಜಿಸ್ಟರ್ ಎಂದೇ ಹೇಳುವೆ. ಇನ್ನುಳಿದ ಕಾಗದಗಳಿಗೆ ಆಯುಷ್ಯದ ಮಿತಿ ಉಂಟು. ಹಾಜರಿ ಪುಸ್ತಕಕ್ಕೆ ಇಷ್ಟು ವರ್ಷ, ರಶೀದಿ ಪುಸ್ತಕಕ್ಕೆ ಇಷ್ಟು ವರ್ಷ, ಅನಂತರ ಸುಡಬಹುದು. ಅಡ್ಮಿಶನ್ ರಿಜಿಸ್ಟರಿಗೆ ಸಾವಿಲ್ಲ.

ನಮ್ಮ ಶಾಲೆಯದು ಹಳೆಯ ಶಾಲೆ. ರಿಜಿಸ್ಟರಿನ ಮೊದಲ ಸಂಪುಟಗಳಲ್ಲಿ ಜಿಲ್ಲೆಯ ಹೆಸರು ಸೌತ್ ಕೆನರಾ. 1956ರ ನವೆಂಬರ್ 1ರ ನಂತರ ಬರೆದ ಕೆಲವೇ ಸಾಲುಗಳಲ್ಲಿ ಮಲಬಾರ್. 1957ರ ಆರಂಭದಲ್ಲಿ ಮಲಬಾರು ಮೂರು ಹೋಳಾದ ಮೇಲೆ ಕಣ್ಣೂರು. 1984ರ ಮೇ ತಿಂಗಳಿಂದ ಕಾಸರಗೋಡು. ಒಂದೇ ಹಳ್ಳಿ, ಅದೇ ಹಲಸಿನ ಮರ, ಅದೇ ಕೆರೆ. ಮಕ್ಕಳು ಮಾತ್ರ ನಾಲ್ಕು ಜಿಲ್ಲೆಗಳಲ್ಲಿ ಹುಟ್ಟಿದರು. ನಾವು ಸಮ್ಮೇಳನಗಳ ವೇದಿಕೆಯಲ್ಲಿ ಎಷ್ಟೋ ಸಲ ಹೇಳುವ ಕಥೆಯನ್ನು ಆ ಒಂದು ಅಂಕಣ ಯಾವ ರಾಗದ್ವೇಷವೂ ಇಲ್ಲದೆ ಹೇಳಿಬಿಡುತ್ತದೆ.

ಈ ಪುಸ್ತಕದ ಕ್ರಮಗಳು ಕಠಿಣವಾದವು. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ, ಇದರಲ್ಲಿ ಇಂತಿಷ್ಟು ಪುಟಗಳಿವೆ ಎಂದು ಮೊದಲ ಪುಟದಲ್ಲಿ ಪ್ರಮಾಣೀಕರಿಸಬೇಕು. ಒಂದು ಮಗುವಿಗೆ ಒಂದು ಸಂಖ್ಯೆ. ಮಗು ಮೂರನೆಯ ದಿನವೇ ಶಾಲೆ ಬಿಟ್ಟರೂ ಆ ಸಂಖ್ಯೆ ಮತ್ತೊಬ್ಬರಿಗೆ ಸಲ್ಲದು. ಬ್ಲೇಡಿನಿಂದ ಕೆರೆಯುವಂತಿಲ್ಲ, ಅಕ್ಷರದ ಮೇಲೆ ಅಕ್ಷರ ಬರೆಯುವಂತಿಲ್ಲ. ತಪ್ಪಿದ್ದರೆ, ಮೇಲಧಿಕಾರಿಗಳ ಮಂಜೂರಾತಿ ಬಂದ ಮೇಲೆ, ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆಯಬೇಕು. ಕೆಳಗಿನ ಹಳೆಯ ಬರಹ ಓದುವಂತೆ ಉಳಿಯಬೇಕು. ಮೇಲೆ ಸರಿಯಾದುದನ್ನು ಬರೆದು, ಷರಾ ಅಂಕಣದಲ್ಲಿ ಆದೇಶದ ಸಂಖ್ಯೆ, ದಿನಾಂಕ, ಕಿರುಸಹಿ. ಮಗು ಶಾಲೆ ಬಿಟ್ಟಾಗ ಅದೇ ಸಾಲಿನ ತುದಿಯಲ್ಲಿ ಟಿ.ಸಿ.ಯ ಸಂಖ್ಯೆ. ಮುಖ್ಯೋಪಾಧ್ಯಾಯ ಬದಲಾದಾಗ ಚಾರ್ಜ್ ಲಿಸ್ಟಿನ ಮೊದಲ ಸಾಲು ಇದು. ಹೊಸಬ ಎಣಿಸಿ ಪಡೆದು ಸಹಿ ಹಾಕಬೇಕು.

ಮಗಳು ಕಿವಿಗೊಟ್ಟು ಕೇಳಿದಳು. "ನಮ್ಮಲ್ಲಿಯೂ ಹಳೆಯದು ಅಳಿಯುವುದಿಲ್ಲ, ಯಾರು ಯಾವಾಗ ಏನು ತಿದ್ದಿದರೆಂದು ಒಳಗೆ ಉಳಿಯುತ್ತದೆ," ಎಂದಳು. "ಆದರೆ ಒಂದು ವ್ಯತ್ಯಾಸ ಅಪ್ಪಾ. ನಿಮ್ಮ ಪುಸ್ತಕದಲ್ಲಿ ತಿದ್ದುವುದು ಕಷ್ಟ. ನಮ್ಮಲ್ಲಿ ಅದು ಬಹಳ ಸುಲಭ, ಯಾರು ಬೇಕಾದರೂ ಈಗಲೇ ತಿದ್ದಬಹುದು. ಆದರೂ ಯಾರೂ ತಿದ್ದುವುದಿಲ್ಲ. ತಪ್ಪು ಕಂಡವರು ಪಕ್ಕದವರಿಗೆ ಬಾಯಲ್ಲಿ ಹೇಳಿ ಹೋಗುತ್ತಾರೆ. ಅದು ಯಾಕೆ?"

ನಾನು ಒಡನೆ ಉತ್ತರಿಸಲಿಲ್ಲ. ಉತ್ತರ ಗೊತ್ತಿಲ್ಲದೆ ಅಲ್ಲ.

1981ರ ಜೂನ್ ತಿಂಗಳು. ಮಳೆ ಹಿಡಿದಿತ್ತು. ನಾನಾಗ ಮೂವತ್ತು ದಾಟಿದ ಸಹಶಿಕ್ಷಕ. ಅಕ್ಷರ ದುಂಡಗಿತ್ತೆಂಬ ಕಾರಣಕ್ಕೆ ಪ್ರವೇಶದ ಬರವಣಿಗೆಯನ್ನು ಮುಖ್ಯೋಪಾಧ್ಯಾಯರು ನನಗೆ ವಹಿಸಿದ್ದರು. ಆ ಕಾಲದಲ್ಲಿ ಮಗುವಿನ ಜನ್ಮದಿನವನ್ನು ನಿರ್ಣಯಿಸುವುದೆಂದರೆ ಒಂದು ಸಂಶೋಧನೆಯೇ ಸರಿ. 1969ರ ಜನನ ಮರಣ ನೋಂದಣಿ ಕಾಯ್ದೆ ಬಂದು ವರ್ಷಗಳಾಗಿದ್ದರೂ ಮನೆಯಲ್ಲಿ ಹೆತ್ತವರು ಪಂಚಾಯತಿಗೆ ಹೋಗಿ ಬರೆಸುವ ವಾಡಿಕೆ ನಮ್ಮ ಕಡೆ ಇನ್ನೂ ಬೇರೂರಿರಲಿಲ್ಲ. ತಾಯಂದಿರು ಹೇಳುತ್ತಿದ್ದುದು ಹೀಗೆ: "ಆಟಿಯಲ್ಲಿ, ಅಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ", "ಪತ್ತನಾಜೆಗೆ ಒಂದು ವಾರ ಇರುವಾಗ", "ನಮ್ಮ ಕೆಂಪಿ ದನ ಕರು ಹಾಕಿದ ವರ್ಷ". ಅದನ್ನು ಪಂಚಾಂಗ ನೋಡಿ ಇಂಗ್ಲಿಷ್ ತಾರೀಕಿಗೆ ಇಳಿಸುವವರು ನಾವು. ಅಷ್ಟೂ ಗೊತ್ತಿಲ್ಲದವರಿಗೆ ಜೂನ್ 1ಕ್ಕೆ ಐದು ತುಂಬುವಂತೆ ಮೇ ತಿಂಗಳ ಒಂದು ದಿನವನ್ನು ದಾನಮಾಡುತ್ತಿದ್ದೆವು. ಇಂದಿಗೂ ನಮ್ಮ ಊರ ಮಧ್ಯವಯಸ್ಕರಲ್ಲಿ ಬಹುಪಾಲು ಜನ ಕಾಗದದ ಮೇಲೆ ಮೇ ತಿಂಗಳಲ್ಲಿಯೇ ಹುಟ್ಟಿದವರು. ಪ್ರಾಚೀನ ಕವಿಗಳ ಕಾಲನಿರ್ಣಯಕ್ಕಾಗಿ ಮಂಜೇಶ್ವರದ ಗೋವಿಂದ ಪೈಗಳು ವರ್ಷಗಟ್ಟಲೆ ತಪಸ್ಸು ಮಾಡಿದ ನೆಲದಲ್ಲಿಯೇ, ಕಣ್ಣೆದುರಿನ ಮಕ್ಕಳ ಕಾಲವನ್ನು ನಾವು ಎರಡು ನಿಮಿಷದಲ್ಲಿ ನಿರ್ಣಯಿಸುತ್ತಿದ್ದೆವು.

ಆ ದಿನ ಬಂದವರಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರು. ತಂದೆಯರ ಹೆಸರಿನ ಮೊದಲಕ್ಷರವೂ ಒಂದೇ. ವ್ಯತ್ಯಾಸ ಮನೆಯ ಹೆಸರಿನಲ್ಲಿ ಮಾತ್ರ. ಒಬ್ಬನ ತಂದೆ ಬೀಡಿ ಕಟ್ಟುವವರು, ಇನ್ನೊಬ್ಬನದು ತೋಟದ ಮನೆ. ಗಡಿಬಿಡಿಯಲ್ಲಿ ನಾನು ವಿವರಗಳನ್ನು ಬಿಡಿ ಚೀಟಿಗಳಲ್ಲಿ ಬರೆದುಕೊಂಡು, ಸಂಜೆ ಮಳೆಯ ಕತ್ತಲಲ್ಲಿ ಲಾಟೀನು ಹಚ್ಚಿ ರಿಜಿಸ್ಟರಿಗೆ ನಕಲು ಮಾಡಿದೆ. ಎರಡು ಸಾಲುಗಳಲ್ಲಿ ಜನ್ಮದಿನಗಳು ಅದಲು ಬದಲಾದವು. ಬೀಡಿ ಕಟ್ಟುವವರ ಮಗನಿಗೆ ಒಂದು ವರ್ಷ ಏಳು ತಿಂಗಳು ಹೆಚ್ಚಾಯಿತು. ತೋಟದ ಮನೆಯವನಿಗೆ ಅಷ್ಟೇ ಕಡಿಮೆಯಾಯಿತು. ನನಗೆ ಗೊತ್ತಾಗಲಿಲ್ಲ. ಚೀಟಿಗಳನ್ನು ಎಲ್ಲಿಟ್ಟೆನೋ, ಗೆದ್ದಲು ತಿಂದಿತೋ, ಒಲೆಗೆ ಹೋಯಿತೋ.

ಇಷ್ಟು ನಡೆದದ್ದು ಪ್ರಮಾದ. ಪ್ರಮಾದಕ್ಕಾಗಿ ನನ್ನನ್ನು ನಾನು ಎಂದೋ ಕ್ಷಮಿಸಿಕೊಂಡಿದ್ದೇನೆ. ಕ್ಷಮಿಸಲಾಗದ್ದು ಹತ್ತು ವರ್ಷಗಳ ಅನಂತರ ನಡೆಯಿತು.

ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲು ಪ್ರತಿಯೊಂದು ವಿವರವನ್ನೂ ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಹೆತ್ತವರಿಗೆ ಓದಿ ಹೇಳಿ ಸಹಿ ಪಡೆಯುವುದು ನಮ್ಮ ಕ್ರಮ. ಹತ್ತನೆಯ ತರಗತಿ ನನ್ನದೇ ಆಗಿತ್ತು. ಬೀಡಿ ಕಟ್ಟುವವರು ಆಗಲೇ ತೀರಿಕೊಂಡಿದ್ದರು, ತಾಯಿ ಬಂದಿದ್ದರು. ನಾನು ಜನ್ಮದಿನವನ್ನು ಓದಿದೆ. ಆಕೆ ತಲೆಯಾಡಿಸಿದರು. "ಅಲ್ಲ ಮಾಷ್ಟ್ರೇ. ಇವನು ಹುಟ್ಟಿದ್ದು ದೇವಸ್ಥಾನದ ಬ್ರಹ್ಮಕಲಶ ಆದ ವರ್ಷ, ಸೋಣ ತಿಂಗಳಲ್ಲಿ. ನೀವೇ ಅಲ್ಲವೇ ಆ ದಿನ ಬರೆದುಕೊಂಡದ್ದು?" ಎಂದರು. ನನ್ನ ಎದೆ ಧಸಕ್ಕೆಂದಿತು. ಬ್ರಹ್ಮಕಲಶದ ವರ್ಷ ನನಗೆ ಚೆನ್ನಾಗಿ ನೆನಪಿತ್ತು, 1975. ರಿಜಿಸ್ಟರಿನಲ್ಲಿ ಇದ್ದದ್ದು 1974ರ ಫೆಬ್ರವರಿ. ಬೆರಳನ್ನು ಒಂದು ಸಾಲು ಕೆಳಗೆ ಇಳಿಸಿದೆ. 1975ರ ಸೆಪ್ಟೆಂಬರ್ ಅಲ್ಲಿ ಇತ್ತು, ತೋಟದ ಮನೆಯವನ ಹೆಸರಿನ ಎದುರು, ನನ್ನದೇ ದುಂಡಗಿನ ಅಕ್ಷರದಲ್ಲಿ.

ತಿದ್ದಬಹುದಿತ್ತು. ಎರಡು ಅರ್ಜಿಗಳು, ಎರಡು ಮನೆಯವರ ಹೇಳಿಕೆಗಳು, ಬರೆದವನದೇ ತಪ್ಪೆಂದು ನನ್ನ ಒಂದು ಪತ್ರ, ಮೇಲಿನ ಕಚೇರಿಗೆ ನಾಲ್ಕು ಸಲ ಅಲೆದಾಟ. ಮುಖ್ಯೋಪಾಧ್ಯಾಯರು ಆ ಮಾರ್ಚಿಯಲ್ಲಿ ನಿವೃತ್ತರಾಗುವವರು. ಅವರ ಸೇವೆಯ ಕೊನೆಯ ತಿಂಗಳುಗಳಲ್ಲಿ ವಿಚಾರಣೆಯ ಕಾಗದವೊಂದು ಬರುವುದು ಬೇಡವೆನಿಸಿತು. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಬೇಡವಾಗಿದ್ದುದು ನನ್ನ ಹೆಸರು ಆ ಕಾಗದದಲ್ಲಿ ಬರುವುದು. ಮುಂದಿನ ಮುಖ್ಯೋಪಾಧ್ಯಾಯರ ಸಾಲಿನಲ್ಲಿ ನಾನೂ ನಿಂತಿದ್ದೆ. ತಾಯಿಯ ಕಡೆ ತಿರುಗಿ, "ಒಂದೂವರೆ ವರ್ಷದಿಂದ ಏನೂ ತೊಂದರೆಯಿಲ್ಲಮ್ಮಾ, ಹಾಗೆಯೇ ಇರಲಿ," ಎಂದೆ. ಮಾಷ್ಟ್ರು ಹೇಳಿದ ಮೇಲೆ ಆಯಿತು. ಆಕೆ ಹೆಬ್ಬೆಟ್ಟು ಒತ್ತಿದರು.

ಹುಡುಗ ಚೆನ್ನಾಗಿಯೇ ಓದಿದ. ಶಿಕ್ಷಕ ತರಬೇತಿ ಮುಗಿಸಿ, ನಮ್ಮ ತಾಲೂಕಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ದಿನಗೂಲಿಯ ಮೇಲೆ ಪಾಠ ಹೇಳುತ್ತ ವರ್ಷಗಳನ್ನು ಕಳೆದ. ಕನ್ನಡ ಮಾಧ್ಯಮದ ಖಾಯಂ ಹುದ್ದೆಗೆ ಕರೆ ಬರುವುದು ವರ್ಷವರ್ಷವೂ ಅಲ್ಲವೆಂಬುದು ಈ ಸಂಚಿಕೆಯ ಓದುಗರಿಗೆ ಹೇಳಬೇಕಾದ ಮಾತಲ್ಲ. ಕೊನೆಗೆ ಕರೆ ಬಂದಾಗ ಕಾಗದದ ಲೆಕ್ಕದಲ್ಲಿ ಅವನ ವಯೋಮಿತಿ ಕೆಲವೇ ತಿಂಗಳುಗಳ ಅಂತರದಲ್ಲಿ ಮೀರಿತ್ತು. ಹುಟ್ಟಿದ ಲೆಕ್ಕದಲ್ಲಿ ಅವನಿಗೆ ಇನ್ನೂ ಒಂದು ವರ್ಷದ ಮೇಲಿತ್ತು.

ಆಗ ನಾನು ನಿವೃತ್ತನಾಗಿದ್ದೆ. ಅವನು ಮನೆಗೆ ಬಂದ. ಆರೋಪ ಹೊರಿಸಲಿಕ್ಕಲ್ಲ, ಸಲಹೆ ಕೇಳಲಿಕ್ಕೆ. ನಾನು ಹೋಗಿ, ಬರೆದವನು ನಾನೆಂದೂ ತಪ್ಪು ನನ್ನದೆಂದೂ ಹೇಳಿಕೆ ಬರೆದುಕೊಟ್ಟೆ. ಕಚೇರಿಯವರು ಗೌರವದಿಂದ ಕೂರಿಸಿ ಮಾತನಾಡಿದರು. ಮೂವತ್ತು ವರ್ಷದ ಹಿಂದಿನ ಸಾಲಿಗೆ ಪಂಚಾಯತಿಯ ಜನನ ನೋಂದಣಿಯ ಆಧಾರವಿಲ್ಲದೆ, ಬರಿಯ ನೆನಪಿನ ಬಲದಿಂದ ತಿದ್ದುಪಡಿ ಸಾಧ್ಯವಿಲ್ಲವೆಂದರು. ಅವರು ಹೇಳಿದ್ದು ಸರಿಯಾಗಿತ್ತು. ನಾನು ಆ ಕುರ್ಚಿಯಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಬಾಯಿಮಾತಿಗೆ ತಿದ್ದಿದರೆ ಆ ಪುಸ್ತಕದ ಮೇಲೆ ಯಾರಿಗೆ ನಂಬಿಕೆ ಉಳಿಯುತ್ತದೆ? ತಾಯಿಯೂ ಬದುಕಿರಲಿಲ್ಲ. ತೋಟದ ಮನೆಯವನು ಗಲ್ಫಿನಲ್ಲಿದ್ದ. ಅವನ ಪಾಸ್‌ಪೋರ್ಟು, ವೀಸಾ ಎಲ್ಲವೂ ತಪ್ಪು ತಾರೀಕಿನ ಮೇಲೆ ನಿಂತಿದ್ದವು. ಒಂದು ಸುಳ್ಳಿನ ಮೇಲೆ ಎರಡು ಮನೆಗಳು ಎದ್ದಾಗಿತ್ತು.

ಮಗಳಿಗೆ ಇದನ್ನೆಲ್ಲ ಅಂದು ಮೊದಲ ಸಲ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ತಪ್ಪು ಬರೆದವರಿಗಿಂತ ಕಂಡೂ ಹೋದವರದ್ದು ದೊಡ್ಡದು," ಎಂದಳು. ಮಗಳಾದರೂ ಮಾತು ಚುಚ್ಚಿತು. ಆಮೇಲೆ ತಾನೇ ಸಮಾಧಾನದ ದನಿಯಲ್ಲಿ, "ನಮ್ಮಲ್ಲಿಯೂ ಅದೇ ಅಪ್ಪಾ. ತಿದ್ದಿದರೆ ತನ್ನ ಹೆಸರು ಬರುತ್ತದೆ. ನಾಳೆ ಪ್ರಶ್ನೆ ತನಗೇ ಬರುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ," ಎಂದಳು.

ಬಿಸುವಿನ ಉಳಿದ ಮೂರು ದಿನಗಳೂ ನಮ್ಮ ನಡುವೆ ಇದೇ ಮಾತು. ಅವಳು ಮಾಡಹೊರಟದ್ದು ನನಗೆ ಮೆಚ್ಚಿಕೆಯಾಯಿತು. ಪ್ರತಿಯೊಂದು ಪುಟಕ್ಕೂ ಒಬ್ಬರೇ ಒಡೆಯರು. 'ತಂಡ' ಎಂದು ಬರೆಯುವಂತಿಲ್ಲ, ಮನುಷ್ಯನ ಹೆಸರೇ ಇರಬೇಕು. ಆತ ಕೆಲಸ ಬಿಡುವುದಾದರೆ, ಕೊನೆಯ ವಾರದಲ್ಲಿ ತನ್ನ ಪುಟಗಳನ್ನು ಇನ್ನೊಬ್ಬರಿಗೆ ಒಪ್ಪಿಸಿಯೇ ಹೋಗಬೇಕು. ("ಚಾರ್ಜ್ ಲಿಸ್ಟು!" ಎಂದೆ ನಾನು, ಅವಳು ನಕ್ಕಳು.) ಪುಟದ ತಲೆಯಲ್ಲಿ ಕೊನೆಗೆ ಪರಿಶೀಲಿಸಿದ ದಿನಾಂಕ, ಆರು ತಿಂಗಳು ಕಳೆದರೆ ಒಡೆಯನಿಗೆ ತಾನಾಗಿಯೇ ನೆನಪೋಲೆ ಹೋಗುತ್ತದೆ. ಒಂದೇ ವಿಷಯದ ಮೂರು ಪುಟಗಳಿದ್ದರೆ ಒಂದನ್ನು ಉಳಿಸಿ, ಉಳಿದೆರಡನ್ನು ಅದರತ್ತ ಬೊಟ್ಟು ಮಾಡುವಂತೆ ಮಾಡಬೇಕು. ಬಳಕೆ ತಪ್ಪಿದವನ್ನು ಅಳಿಸದೆ, ಹಣೆಯ ಮೇಲೆ 'ಬಳಕೆಯಲ್ಲಿಲ್ಲ' ಎಂದು ಮುದ್ರೆ ಒತ್ತಿ ಬೇರೆ ಕೋಣೆಗೆ ಸಾಗಿಸಬೇಕು.

ಆರು ತಿಂಗಳ ವಿಷಯದಲ್ಲಿ ಮಾತ್ರ ನಾನು ವಾದಿಸಿದೆ. ವಾರ್ಷಿಕ ತಪಾಸಣೆಗೆ ಬರುತ್ತಿದ್ದ ಎ.ಇ.ಒ.ಗಳನ್ನು ನಾನು ಕಂಡವನು. ಪುಟ ತಿರುವಿ, ಕೆಳಗೆ ಹಸಿರು ಶಾಯಿಯಲ್ಲಿ 'ಪರಿಶೀಲಿಸಲಾಗಿದೆ' ಎಂದು ಬರೆದು, ಎಳನೀರು ಕುಡಿದು ಹೋದವರೂ ಇದ್ದರು. ನಾನು ಅದಲು ಬದಲು ಮಾಡಿದ ಆ ಎರಡು ಸಾಲುಗಳ ಪುಟದ ಕೆಳಗೂ ಅಂತಹ ಸಹಿ ಉಂಟು. ದಿನಾಂಕ ಹಾಕಿದ ಮಾತ್ರಕ್ಕೆ ಓದಿದಂತಾಗುವುದಿಲ್ಲ. "ಪರಿಶೀಲಿಸುವವನು ಒಡೆಯನೇ ಆದರೆ ಅವನ ಕಣ್ಣಿಗೆ ತನ್ನ ತಪ್ಪು ಬೀಳುವುದಿಲ್ಲ. ಅದನ್ನು ಓದಿ ಕೆಲಸ ಮಾಡಬೇಕಾದ ಹೊಸಬನ ಕೈಯಲ್ಲಿ ಕೊಡು. ಎಲ್ಲಿ ಎಡವುತ್ತಾನೋ ಅಲ್ಲಿ ಗುರುತು ಹಾಕಲಿ," ಎಂದೆ. ಆ ತಾಯಿಗೆ ಓದಿ ಹೇಳಿದ್ದರಿಂದಲೇ ಅಲ್ಲವೇ ನನಗೆ ತಪ್ಪು ಸಿಕ್ಕಿದ್ದು. ಹತ್ತು ವರ್ಷಗಳಲ್ಲಿ ಅಷ್ಟು ಅಧಿಕಾರಿಗಳ ಕಣ್ಣು ತಪ್ಪಿಸಿದ ಸಾಲನ್ನು ಅಕ್ಷರ ಬಾರದ ಹೆಂಗಸು ಒಂದೇ ಕ್ಷಣದಲ್ಲಿ ಹಿಡಿದಿದ್ದರು.

ಅವಳು ಪ್ರತಿಯಾಗಿ ನನಗೊಂದು ಕಥೆ ಹೇಳಿದಳು. ನಾವು ನೆರಳಚ್ಚಿಗೇ ಜೆರಾಕ್ಸ್ ಎಂದು ಹೆಸರಿಟ್ಟಿದ್ದೇವಲ್ಲ, ಆ ಜೆರಾಕ್ಸ್ ಎಂಬ ಅಮೆರಿಕದ ಕಂಪೆನಿಯ ಕಥೆ. ಯಂತ್ರ ರಿಪೇರಿಗೆ ಊರೂರು ತಿರುಗುವ ಅದರ ಕೆಲಸಗಾರರ ಜತೆಗೆ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ತಾವೂ ತಿರುಗಿ, 1996ರಲ್ಲಿ ಒಂದು ಪುಸ್ತಕ ಪ್ರಕಟಿಸಿದರಂತೆ. ಕಂಪೆನಿ ಕೊಟ್ಟ ದಪ್ಪ ಕೈಪಿಡಿಯಲ್ಲಿ ಇಲ್ಲದ ಕಾಯಿಲೆಗಳೇ ಯಂತ್ರಗಳಿಗೆ ಹೆಚ್ಚು; ಮದ್ದು ಸಿಗುತ್ತಿದ್ದುದು ಅವರು ತಿಂಡಿಗೆ ಊಟಕ್ಕೆ ಒಟ್ಟಾಗಿ ಕುಳಿತು ಹೇಳಿಕೊಳ್ಳುವ ಅನುಭವದ ಕಥೆಗಳಲ್ಲಿ. ಮುಂದೆ ಅದೇ ಕಂಪೆನಿ ಯುರೇಕಾ ಎಂಬ ಭಂಡಾರವನ್ನು ಕಟ್ಟಿತು. ಕೆಲಸಗಾರನೊಬ್ಬ ತಾನು ಕಂಡುಕೊಂಡ ಉಪಾಯವನ್ನು ಬರೆದರೆ, ಅದೇ ಕೆಲಸದಲ್ಲಿ ಪಳಗಿದ ಇನ್ನೊಬ್ಬರು ಪರೀಕ್ಷಿಸಿದ ಮೇಲೆಯೇ ಅದು ಎಲ್ಲರಿಗೂ ತಲುಪುತ್ತಿತ್ತು. ಉಪಾಯದ ಜತೆಗೆ ಬರೆದವನ ಹೆಸರೂ ಇರುತ್ತಿತ್ತು. ಹಣದ ಬಹುಮಾನ ಬೇಡ, ಹೆಸರಿದ್ದರೆ ಸಾಕೆಂದರಂತೆ ಆ ಕೆಲಸಗಾರರು.

ಇದನ್ನು ಕೇಳಿ ನಾನು ಯೋಚಿಸುತ್ತ ಕುಳಿತೆ. ಹೆಸರು ಬರುತ್ತದೆಂದು ಹೆದರಿ ನಾನು ತಿದ್ದಲಿಲ್ಲ. ಹೆಸರು ಬರುತ್ತದೆಂದು ಅವರು ಬರೆದರು. ಒಂದೇ ಹೆಸರು ಎರಡು ಕಡೆಗೂ ಎಳೆಯುತ್ತದೆ. ನಮ್ಮ ಇಲಾಖೆಯಲ್ಲಿ ತಪ್ಪನ್ನು ಒಪ್ಪಿಕೊಂಡವನಿಗೆ ಮೆಮೋ ಕೊಡುತ್ತಿದ್ದರು. ಒಪ್ಪಿ ತಿದ್ದಿದವನ ಬೆನ್ನು ತಟ್ಟಿದ ಒಬ್ಬ ಅಧಿಕಾರಿಯನ್ನೂ ನಾನು ಕಾಣಲಿಲ್ಲ. ಹಾಗೆಂದು, ನಾನು ಮುಖ್ಯೋಪಾಧ್ಯಾಯನಾದ ಮೇಲೆ ನನ್ನ ಕೈಕೆಳಗಿನವರನ್ನು ಹಾಗೆ ತಟ್ಟಿದೆನೇ ಎಂದು ಕೇಳಿಕೊಂಡರೆ, ಅದಕ್ಕೂ ಒಳ್ಳೆಯ ಉತ್ತರವಿಲ್ಲ.

ಇಂದಿನ ಮುಖ್ಯೋಪಾಧ್ಯಾಯರ ಹೊರೆ ಒಂದು ರೀತಿಯಲ್ಲಿ ಇಳಿದಿದೆ. ಜನನ ಪ್ರಮಾಣಪತ್ರವಿಲ್ಲದ ಮಗು ಈಗ ಅಪರೂಪ. 2023ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಆ ವರ್ಷದ ಅಕ್ಟೋಬರಿನಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ತೊಡಗಿ ಎಲ್ಲದಕ್ಕೂ ಆ ಒಂದು ಪತ್ರವೇ ಆಧಾರ. ಶಾಲೆಗಳಲ್ಲಿ 'ಸಂಪೂರ್ಣ' ಎಂಬ ಗಣಕ ವ್ಯವಸ್ಥೆ ಬಂದಿದೆ. ಆದರೆ ಗಣಕಕ್ಕೆ ತುಂಬುವುದು ಮನುಷ್ಯನ ಬೆರಳು. ನಮ್ಮ ಮನೆಯ ಹೆಸರೇ ನನ್ನ ರೇಶನ್ ಕಾರ್ಡಿನಲ್ಲಿ ಮಲಯಾಳಕ್ಕೆ ಒಗ್ಗಿದ ಒಂದು ರೂಪದಲ್ಲಿ, ಮತದಾರರ ಚೀಟಿಯಲ್ಲಿ ಇಂಗ್ಲಿಷಿನ ಇನ್ನೊಂದು ರೂಪದಲ್ಲಿ, ನನ್ನ ಶಾಲಾ ದಾಖಲೆಯಲ್ಲಿ ಮಾತ್ರ ಅಜ್ಜ ಕರೆಯುತ್ತಿದ್ದಂತೆ ಉಳಿದುಕೊಂಡಿದೆ. ಮೂರು ಬೇರೆ ಬೇರೆ ಮನೆಗಳೆಂದು ಯಾರಾದರೂ ತಿಳಿದರೆ ತಪ್ಪಿಲ್ಲ. ಗಡಿಯಲ್ಲಿ ಬದುಕುವವರಿಗೆ ಇದು ಹೊಸತಲ್ಲ. ಹಾಗೆಂದು ತಿದ್ದಿಸಲು ಎದ್ದು ಹೋದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಹೋಗಿಲ್ಲ.

ನಮ್ಮ ಸಂಘದ ಸದಸ್ಯರ ಪಟ್ಟಿಯ ಕಥೆಯನ್ನೂ ಹೇಳಲೇಬೇಕು. ಕಳೆದ ಸಮ್ಮೇಳನದ ಆಮಂತ್ರಣ ಪತ್ರಿಕೆಯೊಂದು ತೀರಿಹೋಗಿ ನಾಲ್ಕು ವರ್ಷಗಳಾದ ಹಿರಿಯ ಸದಸ್ಯರೊಬ್ಬರ ಹೆಸರಿಗೆ ಹೋಯಿತು, 'ಸಪತ್ನೀಕರಾಗಿ ಆಗಮಿಸಬೇಕು' ಎಂಬ ವಿನಂತಿಯೊಂದಿಗೆ. ಆ ಮನೆಯ ಅಕ್ಕ ಕೋಪಿಸಿಕೊಳ್ಳಲಿಲ್ಲ. ಕಾಗದವನ್ನು ಅವರ ಭಾವಚಿತ್ರದ ಮುಂದೆ ಇಟ್ಟಿದ್ದಾರೆಂದು ತಿಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರ ಉತ್ತರಕ್ರಿಯೆಗೆ ಹೋಗಿ ಊಟ ಮಾಡಿ ಬಂದವರಲ್ಲಿ ಪಟ್ಟಿ ಇಟ್ಟುಕೊಂಡವರೂ ಇದ್ದರು, ನಾನೂ ಇದ್ದೆ. ಎಲ್ಲರಿಗೂ ಗೊತ್ತಿದ್ದ ಸಂಗತಿ ಪಟ್ಟಿಗೆ ಮಾತ್ರ ಗೊತ್ತಿರಲಿಲ್ಲ.

ಆದ್ದರಿಂದ ಈ ಸಲ ಕಾರ್ಯಕಾರಿ ಸಮಿತಿಯವರನ್ನು ಕೇಳಿ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಫೋನಿನಲ್ಲಿ ಕೇಳಿ ಬರೆದರೆ ಸಾಕೆಂದು ಕಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಮಗಳು ಕಲಿಸಿದಂತೆ ಪ್ರತಿ ಸಾಲಿನ ಕೊನೆಯಲ್ಲಿ ವಿಚಾರಿಸಿದ ದಿನಾಂಕಕ್ಕೊಂದು ಅಂಕಣ, ವಿಚಾರಿಸಿದವರ ಹೆಸರಿಗೊಂದು ಅಂಕಣ ಎಳೆದು, ಬಸ್ಸು ಇರುವಲ್ಲಿಗೆ ಬಸ್ಸಿನಲ್ಲಿ, ಇಲ್ಲದಲ್ಲಿಗೆ ಪರಿಚಯದ ಹುಡುಗರ ಬೈಕಿನ ಹಿಂದೆ ಕುಳಿತು ಮನೆಮನೆಗೆ ಹೋದೆ. ಬರೆದುದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಷ್ಟೊಂದು ತಪ್ಪುಗಳು ಹೊರಬಂದವು! ಮದುವೆಯಾಗಿ ಮಂಗಳೂರಿಗೆ ಹೋದ ಹುಡುಗಿಯರು ಇನ್ನೂ ತವರಿನ ವಿಳಾಸದಲ್ಲಿದ್ದರು. ಒಬ್ಬರು ಎರಡು ಸಲ ಸದಸ್ಯರಾಗಿದ್ದರು, ಎರಡೂ ಸಲ ಚಂದಾ ಕೊಟ್ಟಿದ್ದರು. ಅವರಿಗೂ ಅದು ಮರೆತಿತ್ತು.

ಹಾಗೆ ಹೋಗುತ್ತ ಆ ನನ್ನ ಶಿಷ್ಯನ ಮನೆಯನ್ನೂ ತಲುಪಿದೆ. ಅವನೀಗ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಾನೆ. ಸಂಜೆ ಹತ್ತಿರದ ಗ್ರಂಥಾಲಯದಲ್ಲಿ ಮಕ್ಕಳಿಗೆ ಸಂಬಳವಿಲ್ಲದೆ ಕನ್ನಡ ಹೇಳಿಕೊಡುತ್ತಾನೆ. ಅವನ ಹೆಂಡತಿ ಚಹಾ ತಂದಿಟ್ಟರು. 1990ರ ಆ ದಿನ ಅವನ ತಾಯಿ ಹೇಳಿದ್ದನ್ನೂ ನಾನು ಹೇಳಿದ್ದನ್ನೂ ಅವನಿಗೆ ನಾನು ಈ ತನಕ ತಿಳಿಸಿರಲಿಲ್ಲ. ಬರೆಯುವಾಗ ತಪ್ಪಿದೆನೆಂದಷ್ಟೇ ಅವನಿಗೆ ಗೊತ್ತಿತ್ತು. ಅಂದು ಎಲ್ಲವನ್ನೂ ಹೇಳಿದೆ. ಅವನು ಚಹಾದ ಲೋಟವನ್ನೇ ನೋಡುತ್ತ ಕೇಳಿದ. ಆಮೇಲೆ, "ಅಮ್ಮ ಹೇಳಿದ್ದರು ಮಾಷ್ಟ್ರೇ, ಆವತ್ತೇ. ಮಾಷ್ಟ್ರು ಏನೂ ತೊಂದರೆಯಿಲ್ಲವೆಂದಿದ್ದಾರೆ, ನೀನು ಅವರನ್ನು ಕೇಳಬಾರದು ಎಂದೂ ಹೇಳಿದ್ದರು," ಎಂದ.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಕೈಗೆ ಕೆಲಸ ಬೇಕಿತ್ತು, ಪಟ್ಟಿಯನ್ನು ತೆರೆದೆ. ಹೆಸರು, ಮನೆ, ಅಂಚೆ, ಫೋನು ಆಯಿತು. ಜನ್ಮದಿನಾಂಕದ ಅಂಕಣ ಬಂತು. ಎಪ್ಪತ್ತೈದು ತುಂಬಿದವರನ್ನು ಸನ್ಮಾನಿಸಲು ಬೇಕೆಂದು ಸಮಿತಿಯವರು ಅದನ್ನು ಸೇರಿಸಿದ್ದರು.

"ಯಾವುದನ್ನು ಬರೆಯುತ್ತೀರಿ?" ಎಂದು ಅವನು ಕೇಳಿದ. ಮುಖದಲ್ಲಿ ಸಣ್ಣ ನಗು ಇತ್ತು.

ಕಾಗದದಲ್ಲಿದ್ದ ತಾರೀಕನ್ನು ಮೊದಲು ಬರೆದೆ. ಕಿಸೆಯಿಂದ ಕೆಂಪು ಪೆನ್ನು ತೆಗೆದು, ಅದರ ಮೇಲೆ, ಓದಲು ಬರುವಂತೆ, ಒಂದು ಗೆರೆ ಎಳೆದೆ. ಮೇಲ್ಗಡೆ 1975ರ ಸೆಪ್ಟೆಂಬರ್ ತಿಂಗಳನ್ನು ಬರೆದು, ಷರಾದಲ್ಲಿ 'ತಾಯಿಯ ಹೇಳಿಕೆಯಂತೆ' ಎಂದು ನಮೂದಿಸಿ, ಕಿರುಸಹಿ ಹಾಕಿ ಆ ದಿನದ ತಾರೀಕು ಹಾಕಿದೆ. ಬಳಿಕ ವಾಡಿಕೆಯಂತೆ ಗಟ್ಟಿಯಾಗಿ ಓದಿ ಹೇಳಿದೆ. ಒಳಗಿನಿಂದ ಅವನ ಮಗಳು ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಸೋಣ ಎಷ್ಟನೆಯ ದಿನ ಎಂದು ಗೊತ್ತುಂಟೇ?" ಎಂದೆ.

"ಸಂಕ್ರಮಣ ಕಳೆದು ಇಪ್ಪತ್ತು ದಿನಕ್ಕೆ ಎಂದು ಅಮ್ಮ ಹೇಳುತ್ತಿದ್ದರು."

ಮನೆಗೆ ಬಂದು ಹಳೆಯ ಪಂಚಾಂಗವನ್ನು ಹುಡುಕುತ್ತಿದ್ದೇನೆ.